ಪಾಟಲಿ ಕೊಟ್ಟ ತಪ್ಪಿಗೆ

ನಮ್ಮ ಮನೆಯಲ್ಲಿ ಇರುವುದು ನಾಲ್ಕು ಮಂದಿ. ಇಬ್ಬರಿಗೆ ಮನಸ್ಸಿನ ಪ್ರಥಮ ಚಿಕಿತ್ಸೆ ಕಲಿತ ಸರ್ಟಿಫಿಕೇಟ್ ಇದೆ, ಮೂರನೆಯವಳಿಗೆ ಬರುವುದರಲ್ಲಿತ್ತು. ಇಷ್ಟು ಮಂದಿ ಚಿಕಿತ್ಸೆ ಮಾಡುವವರಿದ್ದ ಮೇಲೆ ಮಾಡಿಸಿಕೊಳ್ಳುವವರು ಒಬ್ಬರಾದರೂ ಬೇಕಲ್ಲ. ಹೋದ ಆಗಸ್ಟಿನಲ್ಲಿ ಆ ಪಾಳಿ ನನಗೆ ಬಂತು.

ಮಗಳು ಯಾಮಿನಿ ಪೆನ್‌ರೋಸಿನ ಒಂದು ಗೋದಾಮಿನಲ್ಲಿ ಮ್ಯಾನೇಜರು. ಕೆಲಸಗಾರರ ಮನಸ್ಸು ನೋಡಿಕೊಳ್ಳಲು ಒಬ್ಬರು ಬೇಕೆಂದು ಅಲ್ಲಿ ಮೀಟಿಂಗ್ ಆಯಿತು. ಯಾರೂ ಕೈ ಎತ್ತಲಿಲ್ಲ. ಆ ದಿನ ಇವಳು ರಜೆ ಹಾಕಿದ್ದಳು, ಇವಳ ಹೆಸರನ್ನೇ ಬರೆದರು. ಅಳಿಯ ಮನೋಜ್ ತುಮಕೂರಿನವನು, ಓದಲು ಈ ದೇಶಕ್ಕೆ ಬಂದು ಇಲ್ಲೇ ನಿಂತವನು. ಅವನು ಸರ್ಟಿಫಿಕೇಟನ್ನು ಕಂಪ್ಯೂಟರಿನಲ್ಲೇ ಪಡೆದ. ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದುಕೊಂಡು ನಲವತ್ತು ನಿಮಿಷದಲ್ಲಿ ಮುಗಿಸಿದ. ಮೊಮ್ಮಗಳು ಪೂರ್ವಿ ನರ್ಸಿಂಗ್ ಎರಡನೆಯ ವರ್ಷ. ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಊಟಕ್ಕೆ ಕರೆದರೆ ಮಾತ್ರ "ಬಂದೆ" ಅನ್ನುತ್ತಾಳೆ.

ನಾನು ನಾಲ್ಕನೇ ಇಯತ್ತೆಯವರೆಗೆ ಹೋದವಳು. ಗದಗಿನ ಕಡೆ ಒಂದು ಸಣ್ಣ ಊರಿನ ಸರಕಾರಿ ದವಾಖಾನೆಯಲ್ಲಿ, ಹೆಣ್ಣುಮಕ್ಕಳ ವಾರ್ಡಿನಲ್ಲಿ, ಇಪ್ಪತ್ತೊಂಬತ್ತು ವರ್ಷ ಆಯಾ ಆಗಿದ್ದೆ. ಪೂರ್ವಿ ನರ್ಸಿಂಗಿಗೆ ಸೇರಿದ ಮೇಲೆ ಬಾಟನಿ ಡೌನ್ಸಿನ ಈ ಮನೆಯಲ್ಲಿ ನನಗೂ ಒಂದು ಹುದ್ದೆ ಸಿಕ್ಕಿತು. ಭಾನುವಾರ ಸಂಜೆ ಅವಳ ಯೂನಿಫಾರಂ ಇಸ್ತ್ರಿ ಮಾಡುವುದು. ಕಾಲರು ಮೊದಲು, ತೋಳು ಆಮೇಲೆ, ಜೇಬು ಕೊನೆಗೆ.

ಆ ಆಗಸ್ಟಿನಲ್ಲಿ ಮೂರು ಭಾನುವಾರ ಯೂನಿಫಾರಂ ಬರಲಿಲ್ಲ.

ಕೇಳಿದೆ. "ಪ್ಲೇಸ್‌ಮೆಂಟ್ ಮುಗೀತು ಅಜ್ಜಿ, ಈಗ ಬರೀ ಓದ್ಕೊಳ್ಳೋದು" ಅಂದಳು. ಪ್ಲೇಸ್‌ಮೆಂಟ್ ಅಂದರೆ ಈ ಹುಡುಗಿಯರು ಮುದುಕರ ಆಶ್ರಮದಲ್ಲಿಯೋ ಆಸ್ಪತ್ರೆಯಲ್ಲಿಯೋ ನಿಂತು ಕೆಲಸ ಕಲಿಯುವುದು. ಇಂಗ್ಲಿಷ್ ಹುಡುಗಿ ಪೂರಾ ಕನ್ನಡದಲ್ಲಿ ಉತ್ತರ ಕೊಟ್ಟಳಲ್ಲ, ಅಲ್ಲೇ ನನಗೆ ಸಂಶಯ ಬಂತು.

ಗುರುವಾರ ಬೆಳಿಗ್ಗೆ ಅವಳ ಗೆಳತಿ ಉಮೈರಾ ಕಾರು ತಂದಳು. ಹುಬ್ಬಳ್ಳಿಯವರ ಮಗಳು, ಹನ್ನೆರಡು ವರ್ಷದವಳಿದ್ದಾಗ ಇಲ್ಲಿಗೆ ಬಂದವಳು. ಅವಳ ಅಪ್ಪ ಸುಬ್ಹಾನ್ ನಮ್ಮ ರಸ್ತೆಯ ತುದಿಯಲ್ಲಿ ಡೈರಿ ಇಟ್ಟಿದ್ದಾರೆ. ಇಲ್ಲಿ ಮೂಲೆಯ ಕಿರಾಣಿ ಅಂಗಡಿಗೆ ಡೈರಿ ಅನ್ನುತ್ತಾರೆ, ಹಾಲು ಒಂದು ಮೂಲೆಯಲ್ಲಿ ಇರುತ್ತದೆ. ಅಂದಿನಿಂದ ಎರಡು ದಿನ ಇಬ್ಬರಿಗೂ ಮನಸ್ಸಿನ ಪ್ರಥಮ ಚಿಕಿತ್ಸೆಯ ತರಬೇತಿ. ಪೂರ್ವಿ ಇನ್ನೂ ಬಚ್ಚಲಲ್ಲಿದ್ದಳು.

"ಉಮೈರಾ, ನಿನ್ನ ಯೂನಿಫಾರಂ ಯಾರವಾ ಇಸ್ತ್ರಿ ಮಾಡ್ತಾರ?" ಅಂದೆ.

"ನಾನ ಮಾಡ್ಕೋತೀನ್ರಿ ಅಜ್ಜಿ, ದಿನಾ ಬೇಕಲ್ಲ."

"ದಿನಾ ಬೇಕು ಹೌದಲ್ಲ" ಅಂದು ಅವಳಿಗೆ ಚಹಾ ಕೊಟ್ಟೆ. ಮತ್ತೇನೂ ಕೇಳಲಿಲ್ಲ. ಎದುರಿಗೆ ಕೂತು ಮೆಂತ್ಯೆ ಸೊಪ್ಪು ಬಿಡಿಸತೊಡಗಿದೆ. ಅವಳೂ ಒಂದು ಕಟ್ಟು ಎಳೆದುಕೊಂಡಳು. ಅರ್ಧ ಕಟ್ಟು ಮುಗಿಯುವ ಹೊತ್ತಿಗೆ ತಾನೇ ಬಾಯಿಬಿಟ್ಟಳು.

"ಅಜ್ಜಿ, ನಾ ಹೇಳಿದೆ ಅಂತ ಹೇಳಬ್ಯಾಡ್ರಿ. ಆಕಿ ಮೂರು ವಾರದಿಂದ ಬರಾಕತ್ತಿಲ್ಲ. ಸಿಕ್ ಲೀವ್ ಹಾಕ್ಯಾಳ. ಮುಂಜಾನಿ ನಾ ಮಾಲ್ ಹತ್ರ ಇಳಸ್ತೀನಿ, ಸಂಜಿ ನಾಕಕ್ಕ ಕರಕೊಂಡು ಬರ್ತೀನಿ. ಲೈಬ್ರರಿಯಾಗ ಸುಮ್ನ ಕುಂದರ್ತಾಳ."

"ಯಾಕ?"

"ನನಗೂ ಹೇಳವಲ್ಲಳು. ಮುಂದಿನ ವಾರ ಶುಕ್ರವಾರ ಈ ಕೋರ್ಸಿನ ಪರೀಕ್ಷಾ ಐತ್ರಿ. ಅದಕ್ಕ ಕುಂತ್ರ ಹೆಸರು ಉಳೀತೈತಿ. ಪಾಸೋ ಫೇಲೋ, ಕುಂದರಬೇಕು ಅಷ್ಟ. ಕುಂದರಲಿಲ್ಲಂದ್ರ ಹೆಸರು ತೆಗೀತಾರ, ವರ್ಷ ಹೋತು. ತರಬೇತಿಗೇನೋ ನಾ ಎಳಕೊಂಡು ಹೊಂಟೀನಿ, ಪರೀಕ್ಷಾಕ್ಕ ಮಾತ್ರ ಆಕಿ ಕುಂದರಾಂಗಿಲ್ಲ ಅಂತಾಳ. ನರ್ಸಿಂಗ್ ಬಿಡೂ ಫಾರಂ ತುಂಬಿ ಬ್ಯಾಗಿನಾಗ ಇಟ್ಕೊಂಡಾಳ."

ಪೂರ್ವಿ ಕೂದಲು ಒರೆಸುತ್ತಾ ಬಂದಳು. ಉಮೈರಾ ಮೆಂತ್ಯೆಯ ದಂಟನ್ನು ಸೊಪ್ಪಿಗೆ ಹಾಕಿ, ಸೊಪ್ಪನ್ನು ಕಸಕ್ಕೆ ಹಾಕಿ ಎದ್ದಳು.

ಒಂದು ರಾತ್ರಿ ಯೋಚಿಸಿದೆ. ಬುದ್ಧಿ ಹೇಳುವುದು ನನಗೆ ಬಾರದು. ನನ್ನ ಹತ್ತಿರ ಇದ್ದದ್ದು ಒಂದು ಜೊತೆ ಬಂಗಾರದ ಪಾಟಲಿ, ಅವನ್ನು ಕೊಟ್ಟರೆ ಹುಡುಗಿ ಮನಸ್ಸು ಬಿಚ್ಚಿಯಾಳು ಅನ್ನಿಸಿತು. ವಾರ್ಡಿನಲ್ಲಿದ್ದಾಗ ಅವನ್ನು ಕೈಯಿಂದ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡು ನೆಲ ಒರೆಸಿದ್ದೇನೆ, ಕೂಸುಗಳನ್ನು ಎತ್ತಿದ್ದೇನೆ. ಶುಕ್ರವಾರ ಪೂರ್ವಿ ತರಬೇತಿ ಮುಗಿಸಿ, ಕೊರಳಲ್ಲಿ ಹಸಿರು ಪಟ್ಟಿ ಹಾಕಿಕೊಂಡು ಬಂದಾಗ ಅವಳ ಕೈಗೆ ಇಟ್ಟೆ.

"ತಗೋ. ನಾ ಇದ್ದಾಗನ ನನ್ನ ಕೈಯಾರ ಕೊಟ್ಟಂಗ ಆಗ್ಲಿ."

ನಮ್ಮ ಕಡೆ ಮುದುಕಿ ಹೀಗೆ ಕೊಟ್ಟರೆ ಹುಡುಗಿ ಕಾಲಿಗೆ ಬೀಳಬೇಕು, ಮುದುಕಿ ಬ್ಯಾಡ ಬಿಡು ಅನ್ನಬೇಕು, ಆಮೇಲೆ ಇಬ್ಬರೂ ಸ್ವಲ್ಪ ಅಳಬೇಕು. ಪೂರ್ವಿ ಪಾಟಲಿ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಬ್ಯಾಗಿನಿಂದ ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡು ತೆಗೆದು ಅದರ ಮೇಲೆ ಬೆರಳು ಆಡಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದಳು.

"ಅಜ್ಜಿ, ಆರ್ ಯು ಓಕೆ?" ಅಂದಳು. ನಾನು ಉತ್ತರ ಕೊಡುವ ಮೊದಲೇ "ಮಮ್!" ಅಂತ ಕೂಗಿದಳು.

ಕಾರ್ಡಿನಲ್ಲಿ ಹನ್ನೆರಡು ಲಕ್ಷಣ ಇದ್ದವು. ನಾಲ್ಕನೆಯದು, ಪ್ರೀತಿಯ ವಸ್ತುಗಳನ್ನು ಇನ್ನೊಬ್ಬರಿಗೆ ಕೊಟ್ಟುಬಿಡುವುದು. ಮೂವರೂ ಸೋಫಾದಲ್ಲಿ ಕೂತು ಉಳಿದವನ್ನು ಓದಿದರು. ಎರಡನೆಯದು, ಮಾತು ಕಡಿಮೆ. ನಾನು ಹುಟ್ಟಿದಾಗಿನಿಂದ ಅಷ್ಟೇ. ಐದನೆಯದು, ಹೊತ್ತಲ್ಲದ ಹೊತ್ತಿಗೆ ಎಚ್ಚರ. ನಾಲ್ಕೂವರೆಗೆ ಏಳುತ್ತೇನೆ. ಏಳನೆಯದು, ಗೆಳೆಯರನ್ನು ಭೇಟಿ ಆಗದಿರುವುದು. ನನ್ನ ಗೆಳತಿಯರಲ್ಲಿ ಇಬ್ಬರು ಸತ್ತಿದ್ದಾರೆ, ಒಬ್ಬಳು ಮುಂಡರಗಿಯಲ್ಲಿದ್ದಾಳೆ. ಹನ್ನೆರಡರಲ್ಲಿ ಒಂಬತ್ತು ನನಗೆ ಹತ್ತಿದವು. ಎಪ್ಪತ್ತಾರು ವರ್ಷ ಆದದ್ದಕ್ಕೆ ಇಷ್ಟು ಹೆಸರುಗಳಿವೆ ಅಂತ ನನಗೆ ಗೊತ್ತಿರಲಿಲ್ಲ.

"ಅವ್ವಾ, ನಿನಗ ಬದುಕು ಸಾಕಾಗೇತೇನು? ನೇರ ಕೇಳಬೇಕಂತ ಹೇಳ್ಯಾರ, ಅದಕ್ಕ ಕೇಳಾಕತ್ತೀನಿ" ಅಂದಳು ಯಾಮಿನಿ. ಕಣ್ಣಲ್ಲಿ ನೀರಿತ್ತು, ಆದರೆ ಕಾರ್ಡು ಕೈಬಿಟ್ಟಿರಲಿಲ್ಲ.

"ನಂದೇನೈತಿ ತಂಗಿ. ಎಲ್ಲಾ ನೋಡೀನಿ, ಉಂಡೀನಿ. ಕರದಾಗ ಹೋಗೂದು" ಅಂದೆ. ನಮ್ಮೂರಲ್ಲಿ ಚೆನ್ನಾಗಿದ್ದೇನೆ ಅನ್ನುವುದನ್ನು ಹೀಗೇ ಹೇಳುವುದು. ಇಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಶನಿವಾರ ಬೆಳಿಗ್ಗೆ ಉಳ್ಳಾಗಡ್ಡಿ ಹೆಚ್ಚಲು ಹೋದರೆ ನನ್ನ ಈಳಿಗೆ ಇರಲಿಲ್ಲ. ಊರಿಂದ ಸೀರೆಯಲ್ಲಿ ಸುತ್ತಿ ತಂದದ್ದು. ಅದು ಮನೋಜನ ಸಾಮಾನು ಸಾಗಿಸುವ ಯೂಟ್ ಗಾಡಿಯ ಹಿಂದೆ ಟಾರ್ಪಾಲಿನ ಕೆಳಗೆ ಸೇರಿತ್ತು. ಚಾಕು ಇಲ್ಲ, ಕತ್ತರಿ ಇಲ್ಲ. ಕೊಬ್ಬರಿ ತುರಿಯುವ ಮಣೆಯ ಬಗ್ಗೆ ಅವರಲ್ಲಿ ಒಮ್ಮತ ಆಗಿರಲಿಲ್ಲವಂತೆ, ಅದನ್ನು ಬೀರುವಿನ ಮೇಲೆ ಇಟ್ಟಿದ್ದರು.

ಮನೋಜ್ ಒಂದು ಕುರ್ಚಿ ಎಳೆದುಕೊಂಡು ಅಡುಗೆಮನೆಗೆ ಬಂದ. ಎದುರಿಗೆ ಕೂರಬಾರದು, ಓರೆಯಾಗಿ ಕೂರಬೇಕು ಅಂತ ಕಲಿಸಿದ್ದರಂತೆ. ಕಟಿಂಗ್ ಅಂಗಡಿಯಲ್ಲಿ ಪಾಳಿ ಕಾಯುವವನ ಹಾಗೆ ಫ್ರಿಜ್ಜಿನ ಕಡೆ ಮುಖ ಮಾಡಿ ಕೂತ.

"ಅತ್ತೆ, ಹೇಗನ್ನಿಸ್ತಿದೆ ನಿಮಗೆ?"

"ಹಸಿವಿ ಆಗೇತ್ರಿ ಮನೋಜಪ್ಪಾ. ಉಳ್ಳಾಗಡ್ಡಿ ಹೆಚ್ಚಾಕ ಏನೂ ಇಲ್ಲ."

"ಅಂದ್ರೆ ನಿಮಗೆ ಹಸಿವಾಗಿದೆ ಅಂತ ನೀವು ಹೇಳ್ತಾ ಇದೀರಿ."

"ಹೌದ್ರಿ."

"ಅದು ತುಂಬಾ ಕಷ್ಟ ಅನ್ನಿಸ್ತಿರ್ಬೇಕು."

"ಉಳ್ಳಾಗಡ್ಡಿ ಹೆಚ್ಚಿದ್ರ ಕಷ್ಟ ಇಲ್ಲ ನೋಡ್ರಿ."

ರೋಗಿಯನ್ನು ಮಾತಾಡಿಸಲು ಕಾರ್ಡಿನ ಹಿಂದೆ ಐದು ಮೆಟ್ಟಿಲು ಬರೆದಿದ್ದರು, ಅವನು ತಲೆ ಆಡಿಸಿ ಎರಡನೆಯದಕ್ಕೆ ಗುರುತು ಹಾಕಿದ. ಆ ದಿನ ಹೊರಗಿನಿಂದ ಪಿಜ್ಜಾ ತರಿಸಿದರು.

ಭಾನುವಾರ ಗುರುಗಳೇ ಮನೆಗೆ ಬಂದರು. ಚಂದ್ರಹಾಸ ಮೈಸೂರಿನವರು. ಹೋಟೆಲ್ ಕೆಲಸ ಓದಲು ಬಂದು, ಆಮೇಲೆ ಮನೆ ಮಾರಿಸುವ ಏಜೆಂಟಾಗಿ, ಆಮೇಲೆ ಯೋಗ ಹೇಳಿಕೊಟ್ಟು, ಈಗ ಮನಸ್ಸಿಗೆ ಬಂದು ನಿಂತಿದ್ದಾರೆ. ಗೋದಾಮುಗಳಿಗೂ ಇವರದೇ ತರಬೇತಿ, ನರ್ಸಿಂಗ್ ಮಕ್ಕಳಿಗೂ ಇವರದೇ. ಯಾಮಿನಿ ಮಾಡಿದ ಚುರಮುರಿ ಸುಸಲಾ ಎರಡು ತಟ್ಟೆ ತಿಂದು, ಒಂದು ಹಾಳೆ ತೆಗೆದರು. ಅದರಲ್ಲಿ ಐದು ದುಂಡು ಮುಖ. ಒಂದು ನಗುತ್ತಿತ್ತು, ಕೊನೆಯದು ಅಳುತ್ತಿತ್ತು.

"ಅಮ್ಮಾ, ಇದರಲ್ಲಿ ಸರಿ ತಪ್ಪು ಅಂತ ಏನೂ ಇಲ್ಲ. ಈ ವಾರ ನೀವು ಯಾವ ಮುಖ ಅಂತ ತೋರಿಸಿ ಸಾಕು."

ಮೂರನೆಯದು ನಮ್ಮ ನಾದಿನಿಯ ಹಾಗಿತ್ತು. ಅದರ ಮೇಲೆ ಬೆರಳಿಟ್ಟೆ.

"ಸರಿಯಾಗಿ ನೋಡಿ ಹೇಳಿ ಅಮ್ಮಾ" ಅಂದರು ಚಂದ್ರಹಾಸ. ನಾಲ್ಕನೆಯದರ ಮೇಲೆ ಇಟ್ಟೆ. "ಹಾಂ" ಅಂದು ಬರೆದುಕೊಂಡರು. ಆಮೇಲೆ ಯಾಮಿನಿಯ ಕಡೆ ತಿರುಗಿ, "ಒಂದು ವಾರ ಇವರನ್ನ ಒಂಟಿಯಾಗಿ ಬಿಡೋ ಹಾಗಿಲ್ಲ ಮೇಡಂ" ಅಂದರು.

ಯಾಮಿನಿಗೆ ಗೋದಾಮು, ಮನೋಜನಿಗೆ ಪುಕೆಕೊಹೆಯಲ್ಲಿ ತರಕಾರಿ ಲೋಡಿನ ಕೆಲಸ. ಯಾರು ಕೂರುವುದು ಅಂತ ಮಾತು ಶುರುವಾಯಿತು. ಅಲ್ಲಿಯವರೆಗೆ ನನಗೆ ಈ ರೋಗ ಒಂದು ಕಿರಿಕಿರಿಯಾಗಿತ್ತು. ಆಗ ಅದರ ಉಪಯೋಗ ಕಂಡಿತು.

"ಪೂರ್ವಿ ಕುಂದರ್ಲಿ. ಆಕಿ ಪ್ಲೇಸ್‌ಮೆಂಟ್ ಮುಗದೈತಂತ" ಅಂದೆ, ಆದಷ್ಟು ನಾಲ್ಕನೆಯ ಮುಖ ಮಾಡಿ.

ಪೂರ್ವಿ ನನ್ನ ಕಡೆ ನೋಡಿದಳು. ಅವಳು ಏನು ಹೇಳಿಯಾಳು? ಲೈಬ್ರರಿಯಲ್ಲಿ ಕೂರಬೇಕು ಅನ್ನಲಿಕ್ಕಾಗುತ್ತದೆಯೇ?

ಚಂದ್ರಹಾಸರಿಗೂ ಒಂದು ಅಡಚಣೆ ಇತ್ತು. ಶುಕ್ರವಾರದ ಪರೀಕ್ಷೆಗೆ ರೋಗಿಯ ವೇಷ ಹಾಕಲು ನಾಟಕದ ಹುಡುಗರನ್ನು ಗೊತ್ತುಮಾಡಿದ್ದರು, ಅವರು ಯಾವುದೋ ಜಾಹೀರಾತು ಸಿಕ್ಕಿತೆಂದು ಕೈಕೊಟ್ಟಿದ್ದರು. "ಅಮ್ಮ ಬಂದ್ರೆ ಅವರಿಗೂ ಒಂದು ಚೇಂಜು, ಮಕ್ಕಳಿಗೂ ಒಂದು ಎಕ್ಸ್‌ಪೀರಿಯೆನ್ಸು" ಅಂದರು.

"ಪೂರ್ವಿ ಕರಕೊಂಡು ಬಂದ್ರ ಬರ್ತೀನಿ" ಅಂದೆ.

"ಐ ವಿಲ್ ಡ್ರಾಪ್ ಹರ್" ಅಂದಳು ಪೂರ್ವಿ. ಬಿಡುತ್ತೇನೆ ಅಂದಳೇ ಹೊರತು ಪರೀಕ್ಷೆಗೆ ಕೂರುತ್ತೇನೆ ಅನ್ನಲಿಲ್ಲ. ಆ ಹೊತ್ತಿಗೆ ಅಷ್ಟೇ ಸಾಕಾಗಿತ್ತು.

ಸೋಮವಾರ ಅವಳು ತಾಸಿಗೊಮ್ಮೆ ಬಂದು ಹೇಗಿದ್ದೀ ಅಂತ ಕೇಳಿ, ಹೋಗಿ ಫೋನು ನೋಡುತ್ತಾ ಕೂತಳು. ಮಂಗಳವಾರ ಮಧ್ಯಾಹ್ನ ನಾನು ಮನೋಜನ ಹಳೆಯ ಬಿಳಿ ಪಂಚೆ ತೆಗೆದು ಕಿಟಕಿಯ ಹತ್ತಿರ ನೆಲದ ಮೇಲೆ ಕೂತೆ. ಕತ್ತರಿ ಇರಲಿಲ್ಲವಲ್ಲ, ಅಂಚನ್ನು ಹಲ್ಲಿನಿಂದ ಕಚ್ಚಿ ಸೀಳಿದೆ. ಹಳೆಯ ಅರಿವೆ ಎಳೆ ಹಿಡಿದು ಚರ್ ಅಂತ ನೇರವಾಗಿ ಹರಿಯುತ್ತದೆ. ಚೌಕ ಚೌಕ ಮಾಡಿ ಮಡಚತೊಡಗಿದೆ.

ನಮ್ಮ ದವಾಖಾನೆಯಲ್ಲಿ ಗಾಯಕ್ಕೆ ಕಟ್ಟುವ ತೆಳು ಬಟ್ಟೆಯನ್ನು ನಾವೇ ಮಡಚಿ, ಡ್ರಮ್ಮಿಗೆ ತುಂಬಿ, ಹಬೆಗೆ ಇಡುತ್ತಿದ್ದೆವು. ಹರಿದ ಅಂಚು ಒಳಗೆ ಹೋಗಬೇಕು. ಒಂದು ಎಳೆ ಹೊರಗೆ ಉಳಿದರೂ ಅದು ಗಾಯದೊಳಗೆ ಸೇರುತ್ತದೆ. ವಾರ್ಡಿಗೆ ಮಾತು ಬಿಟ್ಟ ಹೆಣ್ಣುಮಕ್ಕಳೂ ಬರುತ್ತಿದ್ದರು. ಯಾಕೆ ಹೀಗೆ ಮಾಡಿಕೊಂಡೆ ಅಂತ ಡಾಕ್ಟರು ಕೇಳುವರು, ಪೊಲೀಸರು ಕೇಳುವರು, ಗಂಡನ ಮನೆಯವರು ಬಾಗಿಲಲ್ಲಿ ನಿಂತು ಕೇಳುವರು. ಆ ಹೆಣ್ಣುಮಕ್ಕಳು ಗೋಡೆ ನೋಡುವರು. ನಾನು ಕೇಳುತ್ತಿರಲಿಲ್ಲ, ನನಗೆ ಕೇಳುವ ಅಧಿಕಾರವೂ ಇರಲಿಲ್ಲ. ಪಕ್ಕದಲ್ಲಿ ಕೂತು ಮಡಚುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರ ಕೈ ತಾನಾಗಿ ಬಟ್ಟೆಗೆ ಬರುತ್ತಿತ್ತು. ಒಂದು ಡ್ರಮ್ಮೋ ಎರಡು ಡ್ರಮ್ಮೋ ತುಂಬಿದ ಮೇಲೆ ಮಾತು ಬರುತ್ತಿತ್ತು, ಒಮ್ಮೊಮ್ಮೆ ಬರುತ್ತಿರಲಿಲ್ಲ. ಡ್ರಮ್ ಅಂತೂ ತುಂಬುತ್ತಿತ್ತು.

ಪೂರ್ವಿ ಬಂದು ನಿಂತಳು. "ಅಜ್ಜಿ, ದಟ್ ಈಸ್ ಡ್ಯಾಡ್ಸ್ ಪಂಚೆ."

"ಹೌದು."

"ವಾಟ್ ಈಸ್ ಇಟ್ ಫಾರ್?"

"ಸುಮ್ನ."

ಕಾರ್ಡಿನಲ್ಲಿ ಸುಮ್ಮನೆಗೆ ಯಾವ ಮೆಟ್ಟಿಲೂ ಇರಲಿಲ್ಲ. ಅವಳು ನೋಡುತ್ತಾ ನಿಂತಳು, ಆಮೇಲೆ ಕೂತಳು. ಅವಳು ಮಡಚಿದ ಮೊದಲ ಚೌಕದ ಅಂಚು ಹೊರಗಿತ್ತು. ಬಿಚ್ಚಿ ಮತ್ತೆ ಅವಳ ಕೈಗೆ ಕೊಟ್ಟೆ. ಎರಡನೆಯದೂ ಹಾಗೇ. ಹತ್ತನೆಯದಕ್ಕೆ ಕೈ ಕೂತಿತು. ಹೊರಗೆ ಪಕ್ಕದ ಮನೆಯವರ ಹುಲ್ಲು ಕತ್ತರಿಸುವ ಯಂತ್ರ ಶುರುವಾಗಿ, ನಿಂತು, ಮತ್ತೆ ಶುರುವಾಯಿತು.

"ದೇರ್ ವಾಸ್ ದಿಸ್ ಲೇಡಿ" ಅಂದಳು, ತಲೆ ಎತ್ತದೆ. "ಡೋರೀನ್."

ಅವಳ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತದೆ. ಅರ್ಧ ಸಾಕಾಯಿತು. ಡೋರೀನ್ ಅಂದರೆ ಆಶ್ರಮದ ಹದಿನೆಂಟು ಮಂದಿ ಮುದುಕರಲ್ಲಿ ಒಬ್ಬಳು, ತೊಂಬತ್ತೊಂದು ವರ್ಷ. ಎರಡು ತಾಸಿಗೊಮ್ಮೆ ಹದಿನೆಂಟು ಮಂದಿಯ ಮನಸ್ಸು ಹೇಗಿದೆ ಅಂತ ಒಂದು ಚಾರ್ಟಿನಲ್ಲಿ ತುಂಬುವುದು ಪೂರ್ವಿಯ ಕೆಲಸ. ಹೊಸ ಚಾರ್ಟು, ತಡವಾದರೆ ಕೆಂಪು ಬಣ್ಣ ಬರುತ್ತದೆ. ಆ ದಿನ ಡೋರೀನ್ ಅವಳ ಕೈ ಹಿಡಿದು, ಸ್ವಲ್ಪ ಕೂತುಕೋ ಮಗು ಅಂದಳಂತೆ. ಚಾರ್ಟು ಮುಗಿಸಿ ಬರ್ತೀನಿ ಅಂತ ಇವಳು ಕೈ ಬಿಡಿಸಿಕೊಂಡು ಹೋದಳಂತೆ.

"ಡೋರೀನ್ ಮುಂದೆ ನಾನು ಶಾಂತ ಅಂತ ಬರ್ದೆ" ಅಂದಳು ಪೂರ್ವಿ. ಅಲ್ಲಿಂದ ಕನ್ನಡಕ್ಕೆ ಬಂದಿದ್ದಳು, ತಡವರಿಸುತ್ತಾ. "ವಾಪಸ್ ಹೋದೆ. ಶಿ ವಾಸ್... ಹೋಗ್ಬಿಟ್ಟಿದ್ಲು ಅಜ್ಜಿ. ಕೈ ಹಾಗೇ ಹೊರಗಿತ್ತು. ಸೂಪರ್‌ವೈಸರ್ ಚಾರ್ಟ್ ನೋಡಿ, ಗುಡ್, ಎಲ್ಲಾ ಸರಿಯಾಗಿ ತುಂಬಿದೀಯ ಅಂದ್ರು."

"ಆಮ್ಯಾಲೆ?"

"ನಂಗೊಂದು ಲೀಫ್‌ಲೆಟ್ ಕೊಟ್ರು. ಕಾಲೇಜಿನ ಆ್ಯಪ್ ಒಂದಿದೆ, ಅದನ್ನ ತೆಗೆದ್ರೆ ಒಂದು ಹಕ್ಕಿ ಬಂದು ಉಸಿರು ತಗೋ, ಉಸಿರು ಬಿಡು ಅನ್ನುತ್ತೆ." ನಗಲು ಹೋದಳು, ಆಗಲಿಲ್ಲ. "ಯಾರಿಗಾದ್ರೂ ಹೇಳೋಕೆ ಹೋದ್ರೆ ಎಲ್ರೂ ತಲೆ ಆಡಿಸ್ತಾರೆ ಅಜ್ಜಿ. ಎಲ್ರೂ ಒಂದೇ ಥರ."

ಅದು ನಿನ್ನ ತಪ್ಪಲ್ಲ ಅಂತ ನಾನು ಹೇಳಲಿಲ್ಲ. ಅಷ್ಟು ಹೊತ್ತಿಗೆ ಕಾರ್ಡು ಅವಳಿಗೆ ಅದನ್ನು ಹೇಳಿರುತ್ತದೆ. ಇನ್ನೊಂದು ಚೌಕ ಹರಿದು ಕೊಟ್ಟೆ.

"ನಮ್ಮ ವಾರ್ಡಿನಾಗ ಕಾಶವ್ವ ಅಂತ ಇದ್ಲು" ಅಂದೆ. "ಹನ್ನೊಂದನೇ ಕಾಟು. ನೀರು ಕೊಡ ಯಕ್ಕಾ ಅಂದ್ಲು. ಬಂದೆ ಅಂದೆ. ಅವತ್ತ ದೊಡ್ಡ ಸಾಹೇಬ್ರು ತಪಾಸಣಿಗೆ ಬರೂದಿತ್ತು. ಎಲ್ಲಾ ಕಾಟಿಗೂ ಹೊಸಾ ಚಾದರ ಹಾಸು ಅಂತ ಮೇಟ್ರನ್ ಬಾಯಿ ಒದರಿದ್ರು. ಉಳಿದ ಮೂವತ್ತೊಂದು ಕಾಟಿಗೆ ಚಾದರ ಹಾಸಿ ಬಂದೆ. ಗ್ಲಾಸಿನಾಗ ನೀರು ತುಂಬಿದ್ದೆ, ಕೊಡೂದು ಆಗಲಿಲ್ಲ."

ಪೂರ್ವಿಯ ಕೈ ನಿಂತಿತು.

"ಸಾಹೇಬ್ರು ಬಂದು ಚಾದರ ಭಾಳ ಚಲೋ ಅದಾವು ಅಂದ್ರು. ಇದನ್ನ ನಿಮ್ಮವ್ವಗೂ ಹೇಳಿಲ್ಲ ನಾ."

ಹುಲ್ಲು ಕತ್ತರಿಸುವ ಯಂತ್ರ ನಿಂತುಹೋಗಿತ್ತು. ಕೈಯಲ್ಲಿದ್ದ ಚೌಕವನ್ನು ಮಡಚಿ ಮುಗಿಸಿ ಅವಳು ಕೇಳಿದಳು. "ಮಾರನೇ ದಿನ ನೀನು ಹೋದ್ಯಾ ಅಜ್ಜಿ, ಕೆಲ್ಸಕ್ಕೆ?"

"ಹೋದೆ."

"ಯಾಕೆ?"

"ಇನ್ನೂ ಮೂವತ್ತೊಂದು ಮಂದಿ ಇದ್ರಲ್ಲವಾ. ಅವರಿಗೂ ನೀರಡಿಕಿ ಆಗ್ತಿತ್ತು."

ಅವಳು ಅತ್ತಳು. ನಾನು ಪಂಚೆಯ ಕೊನೆಯ ತುಂಡು ಹರಿದೆ. ಒಟ್ಟು ಎಂಬತ್ತರ ಮೇಲೆ ಚೌಕ ಆದವು. ಅವುಗಳಿಂದ ಯಾವ ಉಪಯೋಗವೂ ಇರಲಿಲ್ಲ.

ಸಂಜೆ ಮನೋಜ್ ಬಂದು ಅವನ್ನು ಕಂಡ. ಒಂದನ್ನು ಎತ್ತಿ ಬಿಡಿಸಿ ನೋಡಿದ, ಮೂಲೆಯಲ್ಲಿ ಅವನ ಪಂಚೆಯ ಹಸಿರು ಅಂಚು. ಯಾಮಿನಿಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ, "ಹತ್ತನೇದು ಕಣೇ. ವಸ್ತುಗಳನ್ನ ಹಾಳು ಮಾಡೋದು." ನನ್ನ ಲಕ್ಷಣ ಒಂಬತ್ತರಿಂದ ಹತ್ತಕ್ಕೆ ಏರಿತು.

ಶುಕ್ರವಾರ ಪೂರ್ವಿಯೇ ಕಾರು ಓಡಿಸಿದಳು. ಅವಳ ಬ್ಯಾಗು ನನ್ನ ತೊಡೆಯ ಮೇಲಿತ್ತು, ನರ್ಸಿಂಗ್ ಬಿಡುವ ಫಾರಂ ಅದರೊಳಗಿನಿಂದ ಮೂಲೆ ಚಾಚಿತ್ತು. ಪರೀಕ್ಷೆ ಪೆನ್‌ರೋಸಿನಲ್ಲಿ, ಟೈರು ಗೋದಾಮಿನ ಮೇಲಿನ ಒಂದು ಕೋಣೆಯಲ್ಲಿ. ಬಾಗಿಲ ಹತ್ತಿರ ನನ್ನನ್ನು ಒಳಗೆ ಬಿಟ್ಟು ಅವಳು ಹೊರಗೇ ನಿಂತಳು, ಕಾರಿನ ಕೀಲಿ ಕೈಯಲ್ಲೇ ಇತ್ತು.

ಚಂದ್ರಹಾಸರು ನನಗೆ ನನ್ನ ಪಾತ್ರ ತಿಳಿಸಿದರು. "ಅಮ್ಮಾ, ಇವತ್ತು ನಿಮ್ಮ ಹೆಸರು ಮಾರ್ಗರೆಟ್. ಗಂಡ ತೀರಿಕೊಂಡಿದ್ದಾರೆ, ನಾಯಿ ಕಳೆದುಹೋಗಿದೆ. ಇಂಗ್ಲಿಷ್ ಬರಲ್ಲ ಅಂದ್ರೆ ಪರವಾಗಿಲ್ಲ, ತಲೆ ತಗ್ಗಿಸಿ ಕೂತ್ರೆ ಸಾಕು."

ಗಂಡ ತೀರಿಕೊಂಡದ್ದು ನಿಜವೇ ಆಗಿತ್ತು. ನಾಯಿ ನಾವು ಸಾಕಿರಲಿಲ್ಲ.

ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ. ಹನ್ನೆರಡು ನಿಮಿಷದಲ್ಲಿ ಐದು ಮೆಟ್ಟಿಲು ಹತ್ತಿ ಇಳಿಯಬೇಕು. ಚಂದ್ರಹಾಸರು ಗಡಿಯಾರ, ಪೆನ್ನು ಹಿಡಿದು ಮೂಲೆಯಲ್ಲಿ ಕೂತರು. ಮೊದಲು ಬಂದ ಹುಡುಗಿ ಓರೆಯಾಗಿ ಕೂತಳು, ತಲೆ ಆಡಿಸಿದಳು, ತುಂಬಾ ಕಷ್ಟ ಇರಬೇಕು ಅಂದಳು, ಒಂದು ಲೀಫ್‌ಲೆಟ್ ಕೊಟ್ಟಳು. ಎರಡನೆಯ ಹುಡುಗ ಓರೆಯಾಗಿ ಕೂತ, ತಲೆ ಆಡಿಸಿದ, ತುಂಬಾ ಕಷ್ಟ ಇರಬೇಕು ಅಂದ, ಅದೇ ಲೀಫ್‌ಲೆಟ್ ಕೊಟ್ಟ. ಎಲ್ಲರೂ ಒಳ್ಳೆಯ ಮಕ್ಕಳು. ಆದರೆ ಅವರ ಕಣ್ಣೆಲ್ಲ ಚಂದ್ರಹಾಸರ ಪೆನ್ನಿನ ಮೇಲೆ. ಆರು ಮಂದಿ ಮುಗಿಯುವ ಹೊತ್ತಿಗೆ ನನ್ನ ಮಡಿಲಲ್ಲಿ ಲೀಫ್‌ಲೆಟ್ಟಿನ ದಿಂಡೇ ಆಗಿತ್ತು.

ಏಳನೆಯವಳು ಉಮೈರಾ. ಕೂತವಳೇ, "ಅಜ್ಜಿ, ನಾಯಿ ಸಿಕ್ತೇನ್ರಿ?" ಅಂದಳು. ನನಗೆ ನಗು ತಡೆಯಲಿಲ್ಲ. ಮೊದಲನೆಯ ಮೆಟ್ಟಿಲು ಬಿಟ್ಟು ಮೂರನೆಯದಕ್ಕೆ ಹಾರಿದ್ದಕ್ಕೆ ಅವಳ ಎರಡು ಅಂಕ ಹೋಯಿತು. ರೋಗಿ ನಕ್ಕದ್ದಕ್ಕೆ ಯಾವ ಅಂಕವೂ ಇರಲಿಲ್ಲ.

ಆಮೇಲೆ ಚಂದ್ರಹಾಸರು ಪೂರ್ವಿಯ ಹೆಸರು ಓದಿದರು. ಬಾಗಿಲಿಗೆ ಗಾಜಿನ ಕಿಂಡಿ ಇತ್ತು, ಅದರಾಚೆ ಅವಳ ಭುಜ ಕಾಣುತ್ತಿತ್ತು. ಭುಜ ಅಲ್ಲಾಡಲಿಲ್ಲ. ಎರಡನೆಯ ಸಲ ಓದಿದರು. ನಾನು ಬಾಗಿಲು ನೋಡಲಿಲ್ಲ. ನೋಡಿದರೆ ಕರೆದಂತಾಗುತ್ತದೆ, ಅವಳಾಗಿ ಬರಬೇಕು. ಮಡಿಲಿನ ದಿಂಡಿನಿಂದ ಒಂದು ಲೀಫ್‌ಲೆಟ್ ತೆಗೆದು ಮಡಚಿದೆ. ಮೂರನೆಯ ಸಲ ಓದಿ, "ಆಬ್ಸೆಂಟ್" ಅಂತ ಪೆನ್ನು ಇಳಿಸುವಷ್ಟರಲ್ಲಿ ಬಾಗಿಲು ತೆರೆಯಿತು.

ಬಂದಳು. ಕೀಲಿಯನ್ನು ಜೇಬಿಗೆ ಹಾಕಿದಳು. ಓರೆಯಾಗಿ ಕೂರಲಿಲ್ಲ, ಕುರ್ಚಿಯನ್ನು ನನ್ನ ಪಕ್ಕಕ್ಕೆ ತಂದು ತೋಳಿಗೆ ತೋಳು ತಾಗುವ ಹಾಗೆ ಕೂತಳು. ನನ್ನ ಮಡಿಲಿನಿಂದ ಅರ್ಧ ದಿಂಡು ಎತ್ತಿಕೊಂಡಳು. ಮಡಚತೊಡಗಿದಳು, ಅಂಚು ಒಳಗೆ.

ಒಂದು ನಿಮಿಷ ಆಯಿತು, ನಾಲ್ಕು ಆಯಿತು. ಚಂದ್ರಹಾಸರು ಕೆಮ್ಮಿದರು. ಏಳಾಯಿತು. ಗಡಿಯಾರ ತೋರಿಸಿದರು. ಪೂರ್ವಿ ಅವರ ಕಡೆ ನೋಡಲೇ ಇಲ್ಲ. ನನಗೆ ಬೆಳಿಗ್ಗೆಯಿಂದ ಕೂತು ಗಂಟಲು ಒಣಗಿತ್ತು. ಉಗುಳು ನುಂಗಿದೆ.

"ಅಜ್ಜಿ, ನೀರು ಬೇಕಾ?" ಅಂದಳು.

"ಬೇಕವಾ."

ಎದ್ದು ಹೋದಳು. ರೋಗಿಯನ್ನು ಬಿಟ್ಟು ಹೋದದ್ದಕ್ಕೆ ಚಂದ್ರಹಾಸರ ಪೆನ್ನು ಉದ್ದಕ್ಕೆ ಒಂದು ಗೆರೆ ಎಳೆಯಿತು. ಅವಳು ಕಾಗದದ ಲೋಟದಲ್ಲಿ ನೀರು ತಂದಳು, ನಾನು ಕುಡಿದು ಮುಗಿಸುವವರೆಗೆ ಲೋಟದ ತಳ ಹಿಡಿದುಕೊಂಡೇ ನಿಂತಳು. ಗಂಟೆ ಹೊಡೆಯಿತು.

ಐದು ಮೆಟ್ಟಿಲಿನಲ್ಲಿ ಅವಳು ಒಂದನ್ನೂ ಹತ್ತಿರಲಿಲ್ಲ. ಲೀಫ್‌ಲೆಟ್ ಕೊಡುವುದಿರಲಿ, ಇದ್ದವನ್ನೂ ಕೆಡಿಸಿದ್ದಳು. ಫೇಲು. ಆದರೆ ಕೂತಿದ್ದಳು, ಹೆಸರು ಉಳಿಯಿತು. ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆ ಕೊಡಬಹುದು ಅಂತ ಹೇಳಿದರು. ಆಮೇಲೆ ಕೊಟ್ಟಳು ಕೂಡ. ಐದೂ ಮೆಟ್ಟಿಲನ್ನು ಮಗ್ಗಿ ಒಪ್ಪಿಸಿದ ಹಾಗೆ ನಾಲ್ಕು ನಿಮಿಷದಲ್ಲಿ ಒಪ್ಪಿಸಿ ನೂರಕ್ಕೆ ತೊಂಬತ್ತೆಂಟು ತಂದಳು. ಎರಡು ಅಂಕ ಯಾಕೆ ಹೋಯಿತೋ ಗೊತ್ತಿಲ್ಲ.

ಮೊದಲ ಪರೀಕ್ಷೆಯ ನಂತರದ ಭಾನುವಾರ ಸಂಜೆ ಒಗೆದ ಬಟ್ಟೆಯ ಬುಟ್ಟಿಯಲ್ಲಿ ಅವಳ ಯೂನಿಫಾರಂ ಇತ್ತು. ಇಸ್ತ್ರಿ ಪೆಟ್ಟಿಗೆ ಕಾಯಲಿಟ್ಟೆ. ಅವಳು ಬಂದು ಪಾಟಲಿಯನ್ನು ನನ್ನ ಕೈಗೆ ವಾಪಸು ಹಾಕಿದಳು.

"ವಾರ್ಡಲ್ಲಿ ಇದು ಅಲೋಡ್ ಇಲ್ಲ ಅಜ್ಜಿ. ಮೊಣಕೈ ಕೆಳಗೆ ಏನೂ ಹಾಕ್ಕೋಬಾರ್ದು. ನಾಳೆಯಿಂದ ಹೋಗ್ತಿದೀನಿ. ನೀನೇ ಇಟ್ಕೋ."

ಯಾಮಿನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೊಟ್ಟ ವಸ್ತುವನ್ನು ವಾಪಸು ಇಸಿದುಕೊಳ್ಳುವುದು ಚೇತರಿಕೆಯೇ ಇರಬೇಕು ಅಂತ ಅವಳಿಗೆ ಅನ್ನಿಸಿತು, ಕಣ್ಣೊರೆಸಿಕೊಂಡು ಚಂದ್ರಹಾಸರಿಗೆ ಫೋನು ಮಾಡಿದಳು. ಅವರು ನನ್ನದೊಂದು ಫೋಟೋ ಕಳಿಸಿ ಅಂದರು, ನಗುವ ಫೋಟೋ. ಈಗ ಅದು ಅವರ ತರಬೇತಿಯ ಕಾಗದದ ಮೇಲೆ ಬರುತ್ತದೆಯಂತೆ. ಕುಟುಂಬದವರೇ ಸಕಾಲಕ್ಕೆ ಗುರುತಿಸಿ ಉಳಿಸಿಕೊಂಡ ಹಿರಿಯ ಜೀವ ಅಂತ ಕೆಳಗೆ ಬರೆದಿದ್ದಾರೆ. ಮನೋಜ್ ಅದನ್ನು ಫ್ರಿಜ್ಜಿಗೆ ಅಂಟಿಸಿದ್ದಾನೆ. ಈಳಿಗೆಯನ್ನೂ ತಂದುಕೊಟ್ಟ, ಮಳೆಗೆ ನೆಂದು ತುಕ್ಕು ಹಿಡಿದಿತ್ತು.

"ಅತ್ತೆ, ಈಗ ಹೇಗನ್ನಿಸ್ತಿದೆ?" ಅಂದ.

"ತುಂಬಾ ಕಷ್ಟ ಇರಬೇಕು ನಿಮಗ" ಅಂದೆ. ಅವನು ಖುಷಿಯಾಗಿ ಹೋದ.

ಕಾಲರು ಮೊದಲು, ತೋಳು ಆಮೇಲೆ. ಜೇಬಿಗೆ ಬಂದಾಗ ಒಳಗೆ ಏನೋ ದಪ್ಪ ತಾಗಿತು. ಪಂಚೆಯ ಒಂದು ಚೌಕ, ಒಗೆದು ಒಣಗಿದ್ದರೂ ಮಡಿಕೆ ಬಿಚ್ಚಿರಲಿಲ್ಲ. ಹೊರಗೆ ತೆಗೆದು ಅಂಚು ನೋಡಿದೆ. ಮತ್ತೆ ಒಳಗಿಟ್ಟು, ಜೇಬಿನ ಮೇಲೆ ಇಸ್ತ್ರಿ ಹಾಯಿಸಿದೆ.